ಗುರುಬಸಮ್ಮನ ಮರುಪದ

ಮದುವೆಮನೆಯಲ್ಲಿ ಬೀಗರನ್ನು ಛೇಡಿಸಿ ಪದ ಕಟ್ಟಿ ಹಾಡುವುದು ನಮ್ಮ ಕಡೆಯ ಹೆಂಗಸರ ವಾಡಿಕೆ. ಅದರಲ್ಲಿ ಹೆಮ್ಮರಗಾಲದ ಪುಟ್ಟಬಸಮ್ಮನನ್ನು ಮೀರಿಸಿದವರಿಲ್ಲ. ಅವಳ ಬಾಯಿಗೆ ಸಿಕ್ಕಿದವರು ತಲೆ ಎತ್ತುವಂತಿರಲಿಲ್ಲ. ಓದುಬರಹ ಮಾತ್ರ ಸೊನ್ನೆ.

ತೊಂಬತ್ನಾಲ್ಕರಲ್ಲಿ ಅವಳ ಮಗನ ಮದುವೆ ತಿ. ನರಸೀಪುರದಲ್ಲಿ ನಡೆಯಿತು. ಹೆಣ್ಣಿನ ತಾಯಿ ಗುರುಬಸಮ್ಮ ಹೊರಗಿನವಳಲ್ಲ. ಇಬ್ಬರೂ ಹದಿನಾರು ಎಂಬ ಊರಿನ ಒಂದೇ ಬೀದಿಯಲ್ಲಿ ಕುಂಟೆಬಿಲ್ಲೆ ಆಡಿ ಬೆಳೆದವರು. ಆವತ್ತು ಎರಡನೇ ಪಂಕ್ತಿಗೆ ಪಾಯಸ ಸಾಲದೇ ಹೋಯಿತು. ಹೆಣ್ಣಿನ ಮನೆಯವರಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ? ಅದು ಗೊತ್ತಿದ್ದೂ ಪುಟ್ಟಬಸಮ್ಮ ತುಂಬಿದ ಛತ್ರದಲ್ಲಿ ಎತ್ತಿಯೇಬಿಟ್ಟಳು:

ಸೌಟಿಡ್ಕೊಂಡು ಓಡ್ತಾಳೆ, ಸೆರಗಲ್ಲಿ ನೆಲ ಗುಡಿಸ್ತಾಳೆ,
ಪಾಯಸ ಕೇಳಿದ್ರೆ ಪಾತ್ರೆ ಬಗ್ಗಿಸಿ ತೋರ್ತಾಳೆ, ನಮ್ ಬೀಗಿತ್ತಿ!

ಛತ್ರವೆಲ್ಲ ಗೊಳ್ಳೆಂದಿತು. ಗುರುಬಸಮ್ಮನ ಮುಖ ಇಷ್ಟೇ ಇಷ್ಟಾಯಿತು. ಮಗಳನ್ನು ಕಳಿಸಿಕೊಡುವಾಗಲೂ ಅವಳು ಗೆಳತಿಯ ಕಡೆ ತಿರುಗಲಿಲ್ಲ, ಆಮೇಲೆ ಹೆಮ್ಮರಗಾಲಕ್ಕೆ ಕಾಲಿಡಲೂ ಇಲ್ಲ. ಸಂಕ್ರಾಂತಿಗೆ ಎಳ್ಳುಬೆಲ್ಲ ಹಿಡಿದು ತಾನೇ ಹೋಗಿ ಕೈ ಹಿಡಿದುಕೊಂಡರಾಯಿತು ಎಂದುಕೊಂಡಿದ್ದಳು ಪುಟ್ಟಬಸಮ್ಮ. ಅದಕ್ಕೆ ಮೊದಲೇ, ಹಿಂಗಾರು ಮಳೆಗೆ ಬೀಗಿತ್ತಿಯ ಮನೆಯ ಕೊಟ್ಟಿಗೆ ಗೋಡೆ ಕುಸಿಯಿತು. ಕರು ಬಿಡಿಸಲು ಹೋದ ಗುರುಬಸಮ್ಮ ಅದರಡಿಯಲ್ಲೇ ಹೋಗಿಬಿಟ್ಟಳು. ಸುದ್ದಿ ಬಂದಾಗ ಪುಟ್ಟಬಸಮ್ಮನಿಗೆ ಅಳುವೂ ಬರಲಿಲ್ಲ.

ಹಾಡು ಅವತ್ತೇ ನಿಂತಿತು. ಮದುವೆಗೆ ಕರೆಯಲು ಬಂದವರಿಗೆ, "ನನ್ ಬಾಯಿಗೆ ಬೆಂಕಿ ಬಿದ್ದದೆ, ಓಗ್ರವ್ವ" ಎನ್ನುತ್ತಿದ್ದಳು. ಮನೆಯಲ್ಲಿ ಗುರುಬಸಮ್ಮನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದಳು. ಸೊಸೆ ಸರ್ವಮಂಗಳಾಗೂ ಅವಳಿಗೂ ನಡುವೆ ಉಳಿದದ್ದು ಉಪ್ಪು ಹುಳಿಯ ಮಾತಷ್ಟೇ.

ಕೆಲವು ವರ್ಷದ ಮೇಲೆ ಮಠದ ಜಗಲಿಯಲ್ಲಿ ಸಾಕ್ಷರತೆ ಕ್ಲಾಸು ಶುರುವಾಯಿತು. ಹಟ ಹಿಡಿದು ಅಕ್ಷರ ಕಲಿತ ಪುಟ್ಟಬಸಮ್ಮ ಹಳೇ ಕ್ಯಾಲೆಂಡರಿನ ಬೆನ್ನಿಗೆ ಬರೆಯತೊಡಗಿದಳು. ಬರೆದದ್ದೆಲ್ಲ ಗುರುಬಸಮ್ಮನ ಮೇಲಿನ ಪದವೇ. ಚಿನ್ನದಂಥವಳು, ಗುಣವಂತೆ, ಶಿವನ ಪಾದ ಸೇರಿದವಳು. ಪಾಪ, ಎಷ್ಟು ಹೊಗಳಿದರೂ ಎದೆಯ ಭಾರ ಇಳಿಯಲೊಲ್ಲದು! ಬರೆಯುವುದು, ಹರಿದು ಒಲೆಗೆ ಹಾಕುವುದು, ಇದೇ ಆಯಿತು.

ಎರಡು ಸಾವಿರದ ಇಸವಿಯ ಒಂದು ಮಧ್ಯಾಹ್ನ ಹೊಲದಿಂದ ಬಂದವಳು ಬಾಗಿಲಲ್ಲೇ ಮರಗಟ್ಟಿದಳು. ಒಳಗೆ ಸರ್ವಮಂಗಳಾ ಕೂಸಿನ ಜೋಳಿಗೆ ತೂಗುತ್ತ ಮೆಲ್ಲಗೆ ಹಾಡುತ್ತಿದ್ದಳು: ಸೌಟಿಡ್ಕೊಂಡು ಓಡ್ತಾಳೆ...

ಇಷ್ಟು ವರ್ಷ ಈ ಹುಡುಗಿ ಹಗೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು, ಈಗ ಕೂಸಿಗೂ ಕಲಿಸುತ್ತಿದ್ದಾಳೆ!

"ನನ್ನ ಚಪ್ಪಲೀಲಿ ಒಡಿ ಕಣವ್ವ, ಆ ಪದ ಮಾತ್ರ ಆಡ್ಬ್ಯಾಡ" ಎಂದು ಪುಟ್ಟಬಸಮ್ಮ ಹೊಸ್ತಿಲಲ್ಲೇ ಕುಳಿತುಬಿಟ್ಟಳು.

ಸೊಸೆ ಗಾಬರಿಬಿದ್ದಳು. "ಅಯ್ಯೋ, ಯಾಕತ್ತೆ? ಅವ್ವನ ಒಂದು ಫೋಟೋನೂ ಇಲ್ಲ. ಮೊಕಾನೇ ಮಸಕಾಗೋಗದೆ. ಈ ಪದ ಏಳ್ಕೊಂಡ್ರೆ ಸೌಟು ಇಡ್ಕೊಂಡು ಓಡೋ ಅವ್ವ ಅಂಗೇ ಕಾಣ್ತಾಳೆ. ನೀವು ಬರ್ದಿದ್ದೂ ಕದ್ದು ಓದಿವ್ನಿ. ಆ ದೇವ್ರಂಥೋಳು ಯಾರೋ, ನಮ್ಮವ್ವ ಅಲ್ಲ."

ಪುಟ್ಟಬಸಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು.

"ಅವ್ವ ಬದುಕಿದ್ರೆ ನಿಮ್ಮನ್ನ ಸುಮ್ನೆ ಬುಟ್ಟಾಳಾ? ತಿರುಗ್ಸಿ ಬೈದಿರೋಳು" ಎಂದಳು ಸರ್ವಮಂಗಳಾ. "ಅದ್ನ ಬರೀರಿ."

ಪುಟ್ಟಬಸಮ್ಮ ಕ್ಯಾಲೆಂಡರ್ ಹಾಳೆ ಎಳೆದುಕೊಂಡು ಕುಳಿತಳು. ಗುರುಬಸಮ್ಮ ಸೊಂಟಕ್ಕೆ ಕೈಯಿಟ್ಟರೆ ಏನೆನ್ನುತ್ತಿದ್ದಳು? ಒಂದು ಸಾಲು ತಡೆತಡೆದು ಬಂತು. ಎರಡನೆಯದು ತಾನಾಗಿ ಬಂದು ಬಿತ್ತು. ಓದಿಕೊಂಡವಳು ಬೆರಗಾದಳು:

ಪಂಕ್ತೀಲಿ ಮೊದ್ಲು ಕುಂತೋಳೆ, ಬಾಯ್ಬಡುಕಿ ಪುಟ್ಟಬಸಿ,
ಪಾಯಸ ಎಲ್ಲೋಯ್ತು? ನಿನ್ ಒಟ್ಟೆ ಮುಟ್ಕೋಳೆ, ಬೀಗಿತ್ತಿ!

ನಿಜ! ಮೊದಲ ಪಂಕ್ತಿಯಲ್ಲಿ ಕುಳಿತು, ಪಾಯಸ ಚೆನ್ನಾಗಿದೆ ಎಂದು ಕೇಳಿ ಕೇಳಿ ಬಡಿಸಿಕೊಂಡವಳು ತಾನೇ. ಗಂಡಿನ ಕಡೆಯ ಸಾಲೆಲ್ಲ ತನ್ನನ್ನು ನೋಡಿ ಹಾಗೇ ಮಾಡಿತ್ತು. ಇಷ್ಟು ವರ್ಷ ಅದು ನೆನಪಿಗೇ ಬಂದಿರಲಿಲ್ಲವಲ್ಲ! ಗುರುಬಸಮ್ಮನ ಬಾಯಲ್ಲಿ ಬರೆಯುವವರೆಗೆ ಅವಳಿಗದು ಹೊಳೆದೇ ಇರಲಿಲ್ಲ.

ಸೊಸೆಗೆ ಹಾಡಿ ತೋರಿಸಿದಳು. ಸರ್ವಮಂಗಳಾ ಮೊದಲು ಬೆಚ್ಚಿದಳು, ಆಮೇಲೆ ನಕ್ಕಳು, ನಗುತ್ತಲೇ ಅತ್ತೆಯ ಮಡಿಲಿಗೆ ಬಿದ್ದು ಬಿಕ್ಕಳಿಸಿದಳು.

"ಅವ್ವ ಬಂದ್ಬುಟ್ಲು ಕಣತ್ತೆ. ಇನ್ನೊಂದ್ಸಲ ಬೈಸಿ."