ಸುಗ್ಗಿ ಕಾಯೋ ಮೂಗು

ಹೆಗ್ಗದ್ದೆ ಕಡೆ ಒಂದೂರಲ್ಲಿ ಸುಬ್ಬಯ್ಯ ಅಂತ ಒಬ್ಬ ಅವ್ನೆ. ಎರಡೆಕರೆ ಕಾಫಿ, ಒಂದು ಹಸ, ಒಂದು ಮೂಗು. ಕಾಫಿ, ಹಸ ಎಲ್ಲರ ಮನೇಲೂ ಐತೆ ಬುಡಿ. ಮೂಗಿನ ವಿಚಾರ ಕೇಳಿ.

ಬ್ಯಾಸಗೇಲಿ ಸುಗ್ಗಿ ಹಬ್ಬ ಸಾರಿದ್ರು ಅಂದ್ರೆ ಆ ಊರಲ್ಲಿ ಒಂಬತ್ತು ದಿನ ಹಸಿಮರಕ್ಕೆ ಕತ್ತಿ ಹಾಕಂಗಿಲ್ಲ, ಸಾರಿಗೆ ಒಗ್ಗರಣೆ ಹಾಕಂಗಿಲ್ಲ. ಊರಮ್ಮ ಆಗ ಗುಡ್ಡ ಇಳಿದು ಬೀದೀಲಿ ಓಡಾಡ್ತಿರ್ತಾಳಂತೆ. ಸಾಸಿವೆ ಘಾಟಿಗೆ ಯಾರಿಗಾದ್ರೂ ಒಂದು ಸೀನು ಬಂತೋ, ಅಪಶಕುನ ಅಂತ ಬಂದ ದಾರೀಲೇ ವಾಪಸ್ ಹೋಗ್ಬುಡ್ತಾಳೆ. ಅದಕ್ಕೇ ಸಂಜೆ ಹೊತ್ತು ಒಬ್ಬ ಬೀದಿ ಸುತ್ತಿ ವಾಸನೆ ನೋಡ್ಬೇಕು. ಎಲ್ಲಿ ಘಾಟು ಸಿಕ್ತೋ ಆ ಮನೆಯೋರು ಗುಡೀಲಿ ತಪ್ಪಿಗೊಂದು ತೆಂಗಿನಕಾಯಿ ಒಡೀಬೇಕು. ಆ ಕೆಲಸ ಸುಬ್ಬಯ್ಯನ ಮನೇದು, ತಾತನ ಕಾಲದಿಂದ.

ಮೂಗು ಅಂದ್ರೆ ಅಂತಿಂಥ ಮೂಗಲ್ಲ. ವಯಸ್ಸಲ್ಲಿ ಬಿಸಿಲೆ ಘಾಟಿ ತಲೇಲಿ ನಿಂತ್ಕಂಡು, ಕೆಳಗಡೆ ಸುಬ್ರಹ್ಮಣ್ಯದ ಷಷ್ಠಿ ಜಾತ್ರೆ ಮೂಸಿ ಹೇಳೋನು. "ಮಲ್ಲಿಗೆಯೋರು ಬಂದವ್ರೆ. ಗೋಳಿಬಜೆ ಎಣ್ಣೆ ಕಾದೈತೆ. ಚರುಮುರಿಯೋನು ಇನ್ನೂ ಈರುಳ್ಳಿ ಹೆಚ್ಚಿಲ್ಲ, ನಿಧಾನಕ್ಕೆ ಇಳಿಯಣ." ನಾಲ್ಕು ಗಂಟೆ ನಡೆದು ಇಳಿದ್ರೂ ಆ ಸೋಮಾರಿ ಇನ್ನೂ ಹೆಚ್ಚಿರ್ತಿರಲಿಲ್ಲ. ದನ ಕೊಳ್ಳಕ್ಕೆ ಬಂದೋರೆಲ್ಲಾ ಹಲ್ಲು ಹಿಡಿದು ನೋಡಿದ್ರೆ, ಇವನು ಕಿವಿ ಹಿಂದೆ ಮೂಸಿ ದನದ ವಯಸ್ಸು ಹೇಳೋನು. ಅದರ ಅವ್ವ ಯಾವ ಊರು ಅಂತಾನೂ ಹೇಳ್ಬುಡೋನು. ಈಗ ಘಟ್ಟ ಇಳಿಯೋರು ಕಾರಿನ ಗ್ಲಾಸ್ ಏರಿಸ್ಕಂಡು ಇಳೀತಾರೆ. ಏನು ವಾಸನೆ ಬಂದೀತು ಅವರಿಗೆ.

ಇಂಥ ಮೂಗು ಕೊರೊನಾ ಜ್ವರದಲ್ಲಿ ಹೋಗ್ಬುಡ್ತು. ಜ್ವರ ಬಿಡ್ತು, ವಾಸನೆ ತಿರುಗಿ ಬರಲಿಲ್ಲ. ಹೂಮಳೆ ಬಿದ್ದು ಕಾಫಿ ತೋಟ ಬೆಳ್ಳಗೆ ಅರಳಿ ನಿಂತ್ರೂ, ಸುಬ್ಬಯ್ಯನಿಗೆ ಅದು ಹತ್ತಿ ಅಂಟಿಸಿದ ಗಿಡ. ಒಬ್ರಿಗೂ ಹೇಳಲಿಲ್ಲ. ಹೇಳಿದ್ರೆ ಸುತ್ತೋ ಕೆಲಸ ಬೇರೆ ಮನೆ ಪಾಲಾಗ್ತೈತೆ. ವರ್ಷದಲ್ಲಿ ಒಂಬತ್ತು ದಿನ ಅವನು ಬಂದ ಅಂದ್ರೆ ಊರು ಎದ್ದು ನಿಲ್ಲೋದು. ಉಳಿದ ದಿನ ಹಸಕ್ಕಿರೋ ಮರ್ಯಾದೆ ಅವನಿಗಿರಲಿಲ್ಲ.

ಅದಕ್ಕೊಂದು ಉಪಾಯ ಮಾಡ್ದ. ಮನೆ ಮುಂದೆ ನಿಂತು, ಮೂಗೆತ್ತಿ, ಕಣ್ಮುಚ್ಚಿ "ಹೂಂ" ಅನ್ನೋದು. ತಪ್ಪು ಮಾಡಿದೋರಿಗೆ ಎದೆ ಹೊಡ್ಕಳ್ತೈತಲ್ಲ. ಬೀದಿ ಕೊನೇಲಿರೋ ಮುದುಕಿ ಪಾರ್ವತಮ್ಮ, "ಒಂದೇ ಒಂದು ಒಣಮೆಣಸಿನಕಾಯಿ ಕಣಪ್ಪ, ನಾಲಿಗೆ ಸಪ್ಪಗಾಗಿತ್ತು" ಅಂತ ತಾನೇ ತೆಂಗಿನಕಾಯಿ ಹಿಡ್ಕಂಡು ಆಚೆಗೆ ಬಂದ್ಬುಟ್ಳು. ಹಿಂಗೇ ನಾಲ್ಕು ಸುಗ್ಗಿ ಕಳೀತು.

ಈ ವರ್ಷ ಮಗನಿಗೆ ಘಟ್ಟದ ಕೆಳಗೆ ಪುತ್ತೂರು ಕಡೆಯಿಂದ ಹೆಣ್ಣು ತಂದ್ರು. ಮಾನಸ ಅಂತ. ಸುಗ್ಗಿ ನೇಮ ಎಲ್ಲಾ ಹೇಳಿಕೊಟ್ಟಿದ್ರು, ಆದ್ರೆ ಕೈ ಮಾತು ಕೇಳ್ಬೇಕಲ್ಲ. ನಾಲ್ಕನೇ ಸಂಜೆ ಬೇಳೆಸಾರಿಗೆ, ಹುಟ್ಟಿದಾಗಿನಿಂದ ನೋಡಿದ ಅಭ್ಯಾಸಕ್ಕೆ, ಕೊಬ್ಬರಿ ಎಣ್ಣೇಲಿ ಸಾಸಿವೆ, ಕರಿಬೇವು ಸಿಡಿಸ್ಬುಟ್ಳು. ಇಡೀ ಬೀದಿಗೆ ಗೊತ್ತಾಯ್ತು, ಜಗಲೀಲಿ ಕೂತು ಸುತ್ತಕ್ಕೆ ಹೊರಡೋಕೆ ಟವಲ್ ಕೊಡವ್ತಿದ್ದ ಮಾವನನ್ನ ಬಿಟ್ಟು.

ಗುಡಿ ಯಜಮಾನ ದೇವೀರಪ್ಪ ನಾಲ್ಕು ಜನ ಕಟ್ಕಂಡು ಬಂದ. ಜೊತೇಲಿ ಪಾರ್ವತಮ್ಮ.

"ಏನ್ ಸುಬ್ಬಣ್ಣ, ಗಾಳಿ ಹೆಂಗೈತೆ?"

"ಸ್ವಚ್ಛ ಕಣಪ್ಪ. ಈ ಸಲ ಊರು ಬಂಗಾರ ಆಗೈತೆ."

ಹಿಂದೆ ನಿಂತೋನೊಬ್ಬ ಸೀನಿದ.

"ಊರೋರ್ದು ಘಾಟು, ನಿನ್ ಮನೇದು ಘಮ ಅಲ್ವಾ," ಅಂದ್ಳು ಪಾರ್ವತಮ್ಮ. "ನನ್ ಒಂದು ಮೆಣಸಿನಕಾಯಿಗೆ ತೆಂಗಿನಕಾಯಿ ಒಡೆಸ್ದೋನು."

ಮಾನಸ ಒಗ್ಗರಣೆ ಸೌಟು ಕೈಲೇ ಹಿಡ್ಕಂಡು ಬಾಗಿಲಿಗೆ ಬಂದ್ಳು. ಸುಬ್ಬಯ್ಯ ಸೌಟು ನೋಡ್ದ, ತಿಳೀತು. ವಾಸನೆ ಬಂದ್ರೂ ಸುಮ್ನಿದ್ದೆ ಅಂದ್ರೆ ತಾತನ ಕಾಲದ ನ್ಯಾಯ ಹೋಯ್ತು. ಬರಲೇ ಇಲ್ಲ ಅಂದ್ರೆ ಸುತ್ತು ಹೋಯ್ತು.

"ಮೂಗು ಸತ್ತು ನಾಲ್ಕು ವರ್ಷ ಆಯ್ತು ದೇವೀರಪ್ಪ," ಅಂದ. "ತಿಥಿ ಮಾಡ್ದೆ ಮುಚ್ಚಿಟ್ಟಿದ್ದೇ ತಪ್ಪು."

ನಗಬೇಕೋ ಬೇಡ್ವೋ ಯಾರಿಗೂ ಗೊತ್ತಾಗಲಿಲ್ಲ.

"ಹಂಗಾರೆ ನನ್ ಕಾಯಿ?" ಅಂದ್ಳು ಪಾರ್ವತಮ್ಮ.

"ನೀನಾಗೇ ತಂದಿದ್ದು ಕಣವ್ವ, ನಾನು ಬರೀ ಹೂಂ ಅಂದೆ."

ದೇವೀರಪ್ಪ ಕತ್ತು ಕೆರ್ಕಂಡ. "ವಾಸನೆ ಬರ್ದೋನು ಸುತ್ತಂಗಿಲ್ಲ ಸುಬ್ಬಣ್ಣ. ನಾಳೆಯಿಂದ ಬೇರೆ ಮನೆ ನೋಡ್ತೀವಿ."

ಸುಬ್ಬಯ್ಯ ಟವಲ್ ಮಡಚಿ ತೊಡೆ ಮೇಲಿಟ್ಕಂಡ. ಅಷ್ಟೊತ್ತಿಗೆ ಸೊಸೆ ಬಾಯಿ ಬಿಟ್ಳು.

"ಅದು ಈ ಮನೆಯ ಕೆಲಸ ಅಲ್ವಾ? ನಾನೂ ಇದೇ ಮನೆಯವಳು. ನಂಗೆ ಮೂಗುಂಟು. ನನ್ನ ತಪ್ಪಿಗೆ ನಾಳೆ ಕಾಯಿ ಒಡೀತೇನೆ. ಆದ್ರೆ ಅಗೋ, ಆ ಹಸಿರು ಗೇಟಿನ ಮನೆಯಿಂದ ಇಂಗಿನ ವಾಸನೆ ಬರ್ತಾ ಉಂಟಲ್ಲ, ಅದು ಯಾರ ಮನೆ? ನಂಗೆ ಊರು ಗೊತ್ತಿಲ್ಲ."

ಎಲ್ರೂ ತಿರುಗಿ ನೋಡಿದ್ರು. ದೇವೀರಪ್ಪ ನೋಡಲಿಲ್ಲ. ಅವನ ಗೇಟಿನ ಬಣ್ಣ ಅವನಿಗೆ ಗೊತ್ತಿತ್ತು.

"ಸುತ್ತು ಸುಬ್ಬಣ್ಣನ ಮನೇಲೇ ಇರ್ಲಿ," ಅಂದ್ಬುಟ್ಟು ಜೋರಾಗಿ ನಡೆದ.

ಮಾರನೇ ಸಂಜೆ ಗುಡೀಲಿ ಎರಡು ಕಾಯಿ ಒಡೆದ ಮೇಲೆ ಮಾವ ಸೊಸೆ ಹೊರಟ್ರು. ವಾಸನೆ ಇವಳು ಹೇಳ್ಬೇಕು, ಮನೆ ಅವನು ಹೇಳ್ಬೇಕು. ಜೊತೆಗೆ ಆ ಮನೆಯ ಮೂರು ತಲೆಮಾರಿನ ಕಥೇನೂ, ಅವಳು ಕೇಳ್ಲಿ ಬಿಡ್ಲಿ.

"ಮಾವ, ಇಲ್ಲಿ ಬೆಳ್ಳುಳ್ಳಿ."

"ಮಂಜುನಾಥನ ಮನೆ. ಅವರಪ್ಪನೂ ಹಂಗೇ. ಆಗೆಲ್ಲಾ ನಾನು ಎಷ್ಟು ಎಸಳು ಅಂತ ಎಣಿಸಿ ಹೇಳ್ತಿದ್ದೆ."

"ಸುಳ್ಳು ಹೇಳ್ಬೇಡಿ ಮಾವ."

"ಒಗ್ಗರಣೆ ಹಾಕಂಗಿಲ್ಲ ಅಂತ ಸಾರವ್ರೆ ಕಣವ್ವ," ಅಂದ ಸುಬ್ಬಯ್ಯ. "ಸುಳ್ಳು ಹೇಳಂಗಿಲ್ಲ ಅಂತ ಯಾರೂ ಸಾರಿಲ್ಲ."