ಏಕಾದಶಿಯ ಅನ್ನ

ಕಳೆದ ಏಕಾದಶಿಯ ಮಧ್ಯಾಹ್ನ ನಮ್ಮ ಅತ್ತಿಗೆ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ಬಡಿಸಿದವರು ಯಾರು ಗೊತ್ತೇ? ಏಕಾದಶಿಗೆ ನೀರನ್ನೂ ಮುಟ್ಟದ ನಮ್ಮ ಅಮ್ಮ!

ಪಕ್ಕದ ಮನೆಯ ಹೆಂಗಸು ಬಾಗಿಲಲ್ಲೇ ನಿಂತುಬಿಟ್ಟರು. "ಎಂತ ಮಾರಾಯ್ರೆ, ಇವತ್ತು ಅನ್ನವಾ?"

"ಅವಳ ಉಪವಾಸವನ್ನೂ ನಾನೇ ಮಾಡ್ತೇನೆ. ನಿಮಗೆಂತ ಆಗ್ಬೇಕು?" ಎಂದರು ಅಮ್ಮ. ಎಗ್ಮೋರಿನ ನಮ್ಮ ಬೀದಿಯಲ್ಲಿ ಇಂಥ ಮಾತನ್ನು ಯಾರೂ ಕೇಳಿರಲಿಲ್ಲ.

ಹೋದ ವರ್ಷದ ಕತೆ ಬೇರೆ. ಅತ್ತಿಗೆಗೆ ಮೊದಲು ಹೊಟ್ಟೆನೋವು, ಆಮೇಲೆ ನಿದ್ದೆಗೇಡು. ಕೊನೆಗೆ ಗೋಡೆಯೊಳಗೆ ಯಾರೋ ಮಾತಾಡುವುದು ಕೇಳಿಸತೊಡಗಿತು. ಅಣ್ಣ ಕೊಟ್ಟ ಕಾಫಿಯಲ್ಲಿ ವಿಷವಿದೆ ಎಂದು ಲೋಟ ಎಸೆದರು. (ಹೋಟೆಲ್ ನಡೆಸುವವನಿಗೆ ಇದಕ್ಕಿಂತ ದೊಡ್ಡ ಏಟು ಉಂಟೇ?)

ಅಮ್ಮನ ಮದ್ದು ಒಂದೇ, ಅತ್ತಿಗೆಗೆ ಉಪವಾಸ. ಏಕಾದಶಿಯ ಜೊತೆಗೆ ಸೋಮವಾರ ಸೇರಿತು, ಶನಿವಾರ ಸೇರಿತು. ವಡಪಳನಿಯ ಮುರುಗನಿಗೂ ಹರಕೆ ಹೋಯಿತು. ಉಪವಾಸ ಹೆಚ್ಚಿದಷ್ಟೂ ಭ್ರಮೆ, ಭ್ರಮೆ ಹೆಚ್ಚಿದಷ್ಟೂ ಉಪವಾಸ! ಒಬ್ಬ ಡಾಕ್ಟರು ಕೊಟ್ಟ ನಿದ್ದೆಮಾತ್ರೆಯಿಂದ ಸ್ಥಿತಿ ಇನ್ನಷ್ಟು ಬಿಗಡಾಯಿಸಿತು.

"ಹುಚ್ಚಾಸ್ಪತ್ರೆಯಲ್ಲಿ ಬಿಟ್ಟು ಬಾ, ಇನ್ನೊಂದು ಮದುವೆ ಮಾಡುವ" ಎಂದರು ನೆಂಟರು. ಅಣ್ಣ ಕರೆದುಕೊಂಡು ಹೋದ, ಜೊತೆಗೆ ಅಮ್ಮ ಮತ್ತು ನಾನು. ಆದರೆ ಅವನು ಬಿಟ್ಟು ಬರಲಿಲ್ಲ, ಅಲ್ಲೇ ಕೂತ.

ಅಲ್ಲಿನ ಲೇಡಿ ಡಾಕ್ಟರು ಮೂತ್ರದ ಸೀಸೆಯನ್ನು ಕಿಟಕಿಯ ಬಿಸಿಲಿಗೆ ಇಟ್ಟರು. ಸಂಜೆಗೆ ಅದು ಪುನರ್ಪುಳಿ ಸಾರಿನ ಕಡುಗೆಂಪು ಬಣ್ಣ! (ಊಟ ಮಾಡುತ್ತ ಓದುವವರು ಕ್ಷಮಿಸಿ.) ಇದು ಪೋರ್ಫಿರಿಯಾ, ವಂಶದಲ್ಲಿ ಬರುವ ಅಪರೂಪದ ಕಾಯಿಲೆ, ಹೊಟ್ಟೆ ಖಾಲಿಯಿದ್ದರೆ, ಕೆಲವು ನಿದ್ದೆಮಾತ್ರೆಗಳಿಂದಲೂ, ಕೆರಳಿ ತಲೆಯನ್ನೂ ಕೆಡಿಸುತ್ತದೆ ಎಂದು ಅಣ್ಣನಿಗೆ ವಿವರಿಸಿದರು. ಅಮ್ಮನ ಕಡೆ ತಿರುಗಿ ತಮಿಳಿನಲ್ಲಿ ಒಂದೇ ಮಾತು: "ಪಟ್ಟಿನಿ ಪೋಡಾದೀಂಗಮ್ಮಾ!" ಇವರನ್ನು ಉಪವಾಸ ಇರಿಸಬೇಡಿ ಎಂದು.

ಅಮ್ಮನ ಮುಖ ಬಿಳಿಚಿಕೊಂಡಿತು.

ನಿದ್ದೆಮಾತ್ರೆ ನಿಂತಿತು. ಗ್ಲೂಕೋಸ್ ಏರಿಸಿದರು. ಭ್ರಮೆಗೆ ಬೇರೆ ಮಾತ್ರೆ ಕೊಟ್ಟರು. ಒಂದು ಬೆಳಿಗ್ಗೆ ಅಣ್ಣ ಹೆದರುತ್ತಲೇ ಕಾಫಿ ಚಾಚಿದ. ಅತ್ತಿಗೆ ಕುಡಿದರು. ಅವನ ಮುಖ ನೋಡಿ ಹೇಳಿದರು: "ಸಕ್ಕರೆ ಸಾಲದು."

ಅಣ್ಣ ವಾರ್ಡಿನಲ್ಲೇ ಗಳಗಳ ಅತ್ತ. ನನಗೂ ತಡೆಯಲಾಗಲಿಲ್ಲ. ಗೆದ್ದಿದ್ದೆವು!

ಕಾಯಿಲೆ ಪೂರ್ತಿ ಬಿಟ್ಟುಹೋಗುವಂಥದ್ದಲ್ಲ. ಹೊತ್ತುಹೊತ್ತಿಗೆ ಉಂಡರೆ ತೆಪ್ಪಗಿರುತ್ತದಂತೆ. ಆ ಹೊತ್ತು ಕಾಯುವ ಕೆಲಸ ಈಗ ಅಮ್ಮನದು. ಸ್ವಲ್ಪ ತಡವಾದರೂ ಇಡೀ ಮನೆಗೆ ಬೈಗುಳ.

ಉಪವಾಸ ಮಾಡುವವರು ಅಮ್ಮ, ಉಣ್ಣುವವರು ಅತ್ತಿಗೆ. ಪುಣ್ಯ ಯಾರಿಗೆ ಎನ್ನುವವರು ನಮ್ಮ ಅಮ್ಮನನ್ನೇ ಕೇಳಲಿ, ಧೈರ್ಯವಿದ್ದರೆ!