ನವಾಬ ತಿನ್ನುತ್ತಲೇ ಸೊರಗಿದ್ದು

ಯಾರಾದರೂ ಎರಡನೇ ಸಲ ಬಡಿಸಿಕೊಂಡರೆ ಅವರ ಆರೋಗ್ಯಕ್ಕೇನೂ ಚಿಂತೆಯಿಲ್ಲ ಎಂದು ನಂಬುವವರ ಪೈಕಿಯವನು ನಾನು. ಹೀಗಾಗಿ ನೌಬಾದದ ನಮ್ಮ ಮನೆಯ ಲವ್ ಬರ್ಡ್ ಬೆಳಗಿನಿಂದ ಸಂಜೆತನಕ ನವಣೆಯ ಬಟ್ಟಲಿನಲ್ಲೇ ಮುಳುಗಿರುವುದನ್ನು ಕಂಡು ಹಿಗ್ಗಿ, ಅದಕ್ಕೆ ನವಾಬ ಎಂದು ಹೆಸರಿಟ್ಟೆ. ಬಂದವರಿಗೆಲ್ಲ ಅದರ ಹಸಿವು ತೋರಿಸುವುದೇ ಈ ನಿವೃತ್ತ ಮಾಸ್ತರನ ಕಸುಬಾಯಿತು. ಹೆಂಡತಿ ಸುಗುಣಾ ಮಾತ್ರ, ಇದು ಮೊದಲಿನಂತೆ ಕೂಗುವುದಿಲ್ಲವಲ್ಲ ಎಂದು ಪೇಚಾಡುತ್ತಿದ್ದಳು. ಹೊಟ್ಟೆ ತುಂಬಿದವರು ಯಾಕೆ ಕೂಗುತ್ತಾರೆ ಎಂದು ಬಾಯಿ ಮುಚ್ಚಿಸಿದೆ.

ಪಕ್ಕದ ಖಾಲಿ ಜಾಗದಲ್ಲಿ ಕುರಿ ಮೇಯಿಸುವ ಔರಾದ ಕಡೆಯ ನೀಲಮ್ಮ ಒಂದು ದಿನ ನೀರು ಕೇಳಲು ಬಂದಳು. ಆಕೆಗೂ ನವಾಬನ ದರ್ಶನ ಮಾಡಿಸಿದೆ. ಆಕೆ ನೋಡಿದ್ದು ಹಕ್ಕಿಯನ್ನಲ್ಲ, ಪಂಜರದ ತಳವನ್ನು. ಹಿಕ್ಕೆಯಲ್ಲಿ ನವಣೆ ಇಡಿಯಾಗಿ ಹಾಗೇ ಇತ್ತು. ಹಕ್ಕಿಯನ್ನು ಕೈಗೆತ್ತಿಕೊಂಡು, ಕುರಿಯ ಬೆನ್ನು ಒತ್ತಿ ನೋಡುವ ಬೆರಳಿನಿಂದಲೇ ಅದರ ಎದೆ ಸವರಿದಳು.

"ಮಾಸ್ತರ್, ಎಲುಬು ಕೈಗಿ ಚುಚ್ತದ ನೋಡ್ರಿ. ತಿಂತದ ಖರೆ, ಮೈಗಿ ಹತ್ತಂಗಿಲ್ರಿ."

ಮರುದಿನವೇ ಭಾಲ್ಕಿಯ ಒಬ್ಬ ಡಾಕ್ಟರರ ಬಳಿ ಓಡಿದೆವು. ಅವರು ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಜಠರದಲ್ಲಿ ಯೀಸ್ಟ್ ಬೆಳೆದಿದೆ ಎಂದರು; ಬ್ರೆಡ್ಡು ಉಬ್ಬಿಸುವ ಯೀಸ್ಟಿನ ದೂರದ ನೆಂಟ. ಅದು ಸೇರಿದರೆ ಕಾಳು ಅರಗುವುದಿಲ್ಲ, ಹಕ್ಕಿ ತಿನ್ನುತ್ತ ತಿನ್ನುತ್ತಲೇ ಉಪವಾಸ ಸಾಯುತ್ತದೆ. ಇನ್ನೊಂದು ವಾರ ಕಳೆದಿದ್ದರೆ ಕೈ ಮೀರುತ್ತಿತ್ತಂತೆ. ಪಂಡಿತರೇ ಬಹುಕಾಲ ಇದನ್ನು ಬ್ಯಾಕ್ಟೀರಿಯಾ ಎಂದು ತಪ್ಪು ತಿಳಿದಿದ್ದರೆಂದು ಕೇಳಿ ನನಗೆ ತುಸು ಸಮಾಧಾನವಾಯಿತು. ಆದರೆ ನೀಲಮ್ಮ ಯಂತ್ರವಿಲ್ಲದೆ ಕಂಡಿದ್ದಳಲ್ಲ! ಎಂಥ ಬೆರಳಪ್ಪ ಅವು. ಅಷ್ಟು ವರ್ಷ ಪಾಠ ಹೇಳಿಯೂ ನಾನು ಯಾರೊಬ್ಬರನ್ನೂ ಹಾಗೆ ನೋಡಿದವನಲ್ಲ.

ಸುಗುಣಾ ದಿನಕ್ಕೆರಡು ಸಲ ನವಾಬನ ಕೊಕ್ಕಿಗೆ ಔಷಧದ ಹನಿ ಬಿಟ್ಟಳು. ನಾನು ತೂಕ ನೋಡಿದೆ. ಕೆಲವು ವಾರಗಳಲ್ಲಿ ಅದು ಮತ್ತೆ ಕೂಗತೊಡಗಿತು. ನೀಲಮ್ಮನನ್ನು ಕರೆದು ತೋರಿಸಿದೆವು. ಎದೆ ಸವರಿ, ಚಲೋ ಆಗ್ಯಾದ ಎಂದಳು. ಸುಗುಣಾ ಚಹಾ ಕೊಡುವಾಗ ನೀಲಮ್ಮ ಅವಳ ಮುಂಗೈ ಹಿಡಿದುಕೊಂಡಳು, ಬಿಡಲಿಲ್ಲ.

"ಮಾಸ್ತರ್, ಅಕ್ಕೋರು ಯಾಕ ಇಷ್ಟು ಸೊರಗ್ಯಾರ್ರಿ?"

ಸುಗುಣಾ ನಕ್ಕಳು. ನನಗೆ ನಗು ಬರಲಿಲ್ಲ. ನವಾಬ ಎಷ್ಟು ಕಾಳು ತಿಂದಿತೆಂದು ಥಟ್ಟನೆ ಹೇಳಬಲ್ಲ ನನಗೆ, ಹೆಂಡತಿ ನಿನ್ನೆ ಉಂಡಳೋ ಇಲ್ಲವೋ ಗೊತ್ತಿರಲಿಲ್ಲ. ನೀಲಮ್ಮ ಹೋದ ಮೇಲೆ ಮೆಲ್ಲಗೆ, ಊಟ ಆಯಿತೇ ಎಂದು ಕೇಳಿದೆ. ನಮ್ಮ ಮನೆಯಲ್ಲಿ ಈ ಮಾತನ್ನು ಯಾವಾಗಲೂ ಕೇಳುತ್ತಿದ್ದವಳು ಅವಳೇ. ಇನ್ನೂ ಇಲ್ಲ ಎಂದಳು; ನಾನೇ ಎದ್ದು ಅವಳಿಗೆ ಬಡಿಸಿದೆ.